ಹಳ್ಳ ಕಾಯುವವರ ನೋಟ್‌ಬುಕ್ ಯಾರು ಓದುತ್ತಾರೆ?

ಕೊಳಚೆ ಸೇರಿ ಹಸಿರುಗಟ್ಟಿದ ನೀರಿನಲ್ಲಿ ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ. ನೀರಿನಲ್ಲಿರುವ ಪಾಚಿ ಹಗಲು ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳಲು ಶುರು ಮಾಡುತ್ತದೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳೂ ರಾತ್ರಿಯಿಡೀ ಎಳೆಯುತ್ತಲೇ ಇರುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಮೀನಿಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ. ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಆಮೇಲೆ ತೇಲುತ್ತದೆ.

ಮಧ್ಯಾಹ್ನ ಹನ್ನೆರಡಕ್ಕೆ ಯಾರಾದರೂ ಬಂದು ಅದೇ ನೀರಿನ ಸ್ಯಾಂಪಲ್ ತೆಗೆದರು ಅನ್ನಿ. ಆಮ್ಲಜನಕ ಬೇಕಾದಷ್ಟಿದೆ ಎಂದು ವರದಿ ಬರಬಹುದು. ವರದಿಯಲ್ಲಿ ಸುಳ್ಳೇನೂ ಇಲ್ಲ. ಸ್ಯಾಂಪಲ್ ತೆಗೆದ ಹೊತ್ತು ತಪ್ಪು.

ಬೆಳಗಿನ ಐದೂವರೆಗೆ ನೀರಿನ ಪಕ್ಕ ಇರುವವರು ಯಾರು? ವಾಕಿಂಗ್‌ಗೆ ಬಂದವರು, ಬಲೆ ತೆಗೆಯಲು ಬಂದ ಮೀನುಗಾರರು, ದನಕ್ಕೆ ಹುಲ್ಲು ಕೊಯ್ಯಲು ಬಂದ ಹೆಂಗಸರು. ಇವರಲ್ಲಿ ಕೆಲವರು ವರ್ಷಗಳಿಂದ ಹಳ್ಳ, ಕಾಲುವೆ, ಕೆರೆಗಳ ಮೇಲೆ ಕಣ್ಣಿಟ್ಟಿದ್ದಾರೆ. ನೀರಿನ ಬಣ್ಣ, ವಾಸನೆ, ನೊರೆ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುತ್ತಾರೆ. ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಮೀಟರು, ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನು ಸ್ವಂತ ದುಡ್ಡಿನಲ್ಲಿ ತಂದಿರುತ್ತಾರೆ. ಯಾರೂ ಹೇಳಿದ್ದಕ್ಕಲ್ಲ, ಸಂಬಳಕ್ಕಂತೂ ಅಲ್ಲವೇ ಅಲ್ಲ.

ಇಂಥವರನ್ನು ಗುರುತಿಸಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಮಾರ್ಚ್ 22ರ ನೀರಿನ ದಿನ, ಜೂನ್ 5ರ ಪರಿಸರ ದಿನ ಬಂತೆಂದರೆ ವೇದಿಕೆ ಸಿದ್ಧ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗೊಂದು ಸನ್ಮಾನ ಆಯಿತು. ಖುಷಿಯಿಂದಲೇ ಹೋಗಿ ಬಂದರು. ಮನೆಗೆ ಬಂದ ಮೇಲೆ ಒಂದು ಫೈಲ್ ತೆಗೆದು ತೋರಿಸಿದರು. ಒಂದೇ ಕಾಲುವೆಯ ಬಗ್ಗೆ ಬರೆದ ದೂರುಗಳ ಪ್ರತಿಗಳು. "ಶಾಲು ಹೊದಿಸಿದವರಿಗೆ ಈ ಪತ್ರ ಕೊಡೋಣ ಅಂತ ಇಟ್ಕೊಂಡು ಹೋಗಿದ್ದೆ. ಅವರಿಗೆ ಇನ್ನೊಂದು ಕಾರ್ಯಕ್ರಮ ಇತ್ತಂತೆ" ಎಂದರು. ಬೇಜಾರಾಗಿದ್ದರು, ಆದರೆ ಯಾರನ್ನೂ ಬೈಯಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಅವರ ಆ ಫೈಲಿನ ವಿಷಯ. ಹಳ್ಳ ಕಾಯುವವರು ಬರೆದಿಟ್ಟ ಅಂಕಿಯನ್ನು ಸರ್ಕಾರ ತೆಗೆದುಕೊಂಡು, ಓದಿ, ಉತ್ತರ ಕೊಡಬೇಕು. ನನ್ನ ಪ್ರಕಾರ ಅವರಿಗೆ ಸಲ್ಲಬೇಕಾದ ಮೊದಲ ಗೌರವ ಅದು. ಈಗಿರುವ ಕಾನೂನಿನಲ್ಲಿ ಅದಕ್ಕೆ ಎಷ್ಟು ಜಾಗ ಇದೆ, ಎಲ್ಲಿ ಇಲ್ಲ, ನೋಡೋಣ.

ಮೋರಿ ಎಂದು ಕರೆಯುವ ಹೊಳೆ

ಬೆಂಗಳೂರನ್ನೇ ತೆಗೆದುಕೊಳ್ಳಿ. ಊರು ಕೂತಿರುವುದು ದಿಬ್ಬದ ಮೇಲೆ. ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಗೆ ಹೋಗಿ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ನಗರದ ಒಳಗಿರುವ ಸುಮಾರು 860 ಕಿಲೋಮೀಟರ್ ರಾಜಕಾಲುವೆಗಳು ಈ ಹಳ್ಳಗಳ ಇಂದಿನ ರೂಪ. ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ನೀರು ಒಯ್ಯುತ್ತಿದ್ದ ದಾರಿಗಳು. ಈಗ ಹೆಚ್ಚಿನವರ ಬಾಯಲ್ಲಿ ಅವು ಮೋರಿ.

ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎಂದು ನಂಬಿಕೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇರುವುದು ಅವಳ ದಡದಲ್ಲೇ. ಮುಂದೆ ಬಿಡದಿ ಹತ್ತಿರ ಬೈರಮಂಗಲ ಜಲಾಶಯ. ಅಲ್ಲಿನ ರೈತರು ಬೆಂಗಳೂರಿನ ಕೊಳಚೆ ಬೆರೆತ ನೀರಿನಲ್ಲೇ ಬೆಳೆ ತೆಗೆಯುತ್ತಾ ಬಂದಿದ್ದಾರೆ. ಮೇಲ್ಗಡೆ ರಾತ್ರಿ ಯಾರೋ ಬಿಟ್ಟ ಬಣ್ಣದ ನೀರು ಕೆಳಗಡೆ ಯಾರದೋ ಗದ್ದೆಗೆ ಹೋಗುತ್ತದೆ. ಈ ನಡುವೆ ಯಾರು, ಎಲ್ಲಿ, ಯಾವಾಗ ಬಿಟ್ಟರು ಎಂದು ಹೇಳಬಲ್ಲವರು ಕಾಲುವೆ ಪಕ್ಕ ಬದುಕುವ ಜನ ಮಾತ್ರ.

ಮಾಲಿನ್ಯ ನಿಯಂತ್ರಣ ಮಂಡಳಿ ನೀರು ಪರೀಕ್ಷೆ ಮಾಡುವುದಿಲ್ಲ ಎಂದಲ್ಲ. ರಾಷ್ಟ್ರೀಯ ಕಾರ್ಯಕ್ರಮದ ಅಡಿ ಗೊತ್ತು ಮಾಡಿದ ಜಾಗಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸ್ಯಾಂಪಲ್ ತೆಗೆಯುತ್ತಾರೆ. ನೀರನ್ನು ಎ ಇಂದ ಇ ತನಕ ಐದು ದರ್ಜೆಗಳಲ್ಲಿ ಇಡುತ್ತಾರೆ. ಸ್ನಾನಕ್ಕೆ ಆಗಬೇಕಾದರೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಮೀನು ಬದುಕುವ ಡಿ ದರ್ಜೆಗೆ 4 ಮಿಲಿಗ್ರಾಂ. ಅಳತೆ ಸರಿಯಾಗಿಯೇ ಇದೆ. ಆದರೆ ವರ್ಷಕ್ಕೆ 12 ಸಲ, ಕಚೇರಿ ವೇಳೆಯಲ್ಲಿ, ರಸ್ತೆಯಿಂದ ಇಳಿಯಲು ದಾರಿ ಇರುವ ಕಡೆ. ಕಳ್ಳತನದಲ್ಲಿ ನೀರು ಬಿಡುವವನು ರಾತ್ರಿ ಬಿಡುತ್ತಾನೆ, ಇಲ್ಲವೇ ಮಳೆ ಬರುವಾಗ ಬಿಡುತ್ತಾನೆ. ಅವನಿಗೆ ಈ ವೇಳಾಪಟ್ಟಿ ಚೆನ್ನಾಗಿ ಗೊತ್ತು.

ವಾರಕ್ಕೊಮ್ಮೆ ಹೋಗಿ ನೋಡುವ ಒಬ್ಬ ಸ್ವಯಂಸೇವಕ ವರ್ಷಕ್ಕೆ 52 ಸಲ ಅದೇ ಜಾಗ ನೋಡಿರುತ್ತಾನೆ. ಅವನ ಮೀಟರು ಪ್ರಯೋಗಾಲಯದ ಯಂತ್ರದಷ್ಟು ನಿಖರ ಇರಲಿಕ್ಕಿಲ್ಲ. ಆದರೆ ಏನೋ ಬದಲಾಗಿದೆ ಎಂದು ಮೊದಲು ಗೊತ್ತಾಗುವುದು ಅವನಿಗೇ.

ಮಲೆನಾಡಿನ ಹಳ್ಳಗಳಲ್ಲಿ ಮೀಟರೂ ಬೇಕಿಲ್ಲ. ಹರಿಯುವ ನೀರಿನಲ್ಲಿ ಒಂದು ಕಲ್ಲು ಮಗುಚಿ ನೋಡಿದರೆ ಸಾಕು. ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಹುಳಗಳಲ್ಲಿ ಕೆಲವಕ್ಕೆ ತುಂಬ ಶುದ್ಧ ನೀರೇ ಬೇಕು, ಆಮ್ಲಜನಕ ಸ್ವಲ್ಪ ಇಳಿದರೂ ಸತ್ತು ಹೋಗುತ್ತವೆ. ನಾವು ಏರೋಪ್ಲೇನ್ ಚಿಟ್ಟೆ ಅನ್ನುತ್ತೇವಲ್ಲ, ಅದರ ಮರಿ ಬೆಳೆಯುವುದೂ ನೀರಲ್ಲೇ, ಅದು ಇನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಕೆಸರಲ್ಲಿರುವ ಕೆಂಪು ಹುಳ ಕೊಳಚೆಯಲ್ಲೂ ಬದುಕುತ್ತದೆ. ಯಾವ ಹುಳ ಎಷ್ಟಿದೆ ಎಂದು ಎಣಿಸಿದರೆ ನೀರಿನ ಆರೋಗ್ಯ ತಿಳಿಯುತ್ತದೆ. ಇದರಲ್ಲೊಂದು ದೊಡ್ಡ ಅನುಕೂಲ ಇದೆ. ರಾಸಾಯನಿಕ ಪರೀಕ್ಷೆ ಹೇಳುವುದು ಆ ಕ್ಷಣದ ಸ್ಥಿತಿ. ಹುಳಗಳು ಹೇಳುವುದು ಕಳೆದ ಕೆಲವು ವಾರಗಳ ಕಥೆ. ಹೋದ ವಾರ ರಾತ್ರಿ ವಿಷ ಬಿಟ್ಟು ಇವತ್ತು ನೀರು ತಿಳಿಯಾಗಿದ್ದರೂ ಹುಳಗಳು ವಾಪಸ್ ಬಂದಿರುವುದಿಲ್ಲ.

ಕಾಣುವ ಕೆಲಸ, ಕಾಣದ ಕೆಲಸ

ನಮ್ಮಲ್ಲಿ ನೀರಿನ ಕೆಲಸಕ್ಕೆ ಪ್ರಶಸ್ತಿಯೇ ಬಂದಿಲ್ಲ ಎನ್ನಲಾಗದು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿ ಕಾಯುವ ಕೆರೆ ಕಾಮೇಗೌಡರ ಹೆಸರನ್ನು 2020ರಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೇಳಿದರು. ಗುಡ್ಡದ ಮೇಲೆ ಪ್ರಾಣಿಗಳಿಗಾಗಿ ಕಟ್ಟೆ ತೋಡಿದ ಮನುಷ್ಯ. ಕೆಎಸ್ಆರ್‌ಟಿಸಿ ಅವರಿಗೆ ಜೀವನಪೂರ್ತಿ ಉಚಿತ ಬಸ್ ಪಾಸ್ ಕೊಟ್ಟಿತು. 2022ರಲ್ಲಿ ತೀರಿಕೊಂಡರು. ಆ ಬಸ್ ಪಾಸ್ ನನಗೆ ಇಷ್ಟವಾದ ಉಡುಗೊರೆ, ಯಾಕೆಂದರೆ ಅದು ಉಪಯೋಗಕ್ಕೆ ಬರುವಂಥದ್ದು.

ಕಟ್ಟೆ ತೋಡಿದರೆ ಫೋಟೋ ತೆಗೆಯಬಹುದು. ಸಸಿ ನೆಟ್ಟರೂ ತೆಗೆಯಬಹುದು. ಪ್ಲಾಸ್ಟಿಕ್ ಹೆಕ್ಕಿ ಚೀಲ ತುಂಬಿದರೂ ಸರಿ. ಆದರೆ ಐದು ವರ್ಷ ಬಿಡದೆ ಒಂದು ಸೇತುವೆ ಕೆಳಗೆ ನಿಂತು ಅಂಕಿ ಬರೆದುಕೊಂಡವರ ಫೋಟೋದಲ್ಲಿ ಏನು ಕಾಣುತ್ತದೆ? ಒಂದು ಪುಸ್ತಕ, ಒಂದು ಪೆನ್ನು. ಅದಕ್ಕೇ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೂ ಒಂದು ಕಾರಣ ಇದೆ. ಗಿಡ ನೆಡುವವರಿಂದ ಯಾರಿಗೂ ತೊಂದರೆ ಇಲ್ಲ. ಕಾಲುವೆಗೆ ಎಲ್ಲಿಂದ ಕೊಳಚೆ ಬರುತ್ತಿದೆ ಎಂದು ಬರೆಯುವವರಿಂದ ಕೆಲವರಿಗೆ ತೊಂದರೆ ಇದೆ. ರಾತ್ರಿ ಟ್ಯಾಂಕರ್ ನಂಬರ್ ಬರೆದುಕೊಂಡವರಿಗೆ ಬೆದರಿಕೆ ಬರುತ್ತದೆ. ಅಂಥವರ ಹೆಸರನ್ನು ವೇದಿಕೆ ಮೇಲೆ ಕೂಗಿ ಹೇಳುವುದು ಕೆಲವೊಮ್ಮೆ ಅವರಿಗೇ ಅಪಾಯ.

ಕಾನೂನು ಏನು ಹೇಳುತ್ತದೆ

1974ರ ಜಲಮಾಲಿನ್ಯ ತಡೆ ಕಾಯ್ದೆಯ ಸೆಕ್ಷನ್ 21 ಸ್ಯಾಂಪಲ್ ತೆಗೆಯುವ ಕ್ರಮ ಹೇಳುತ್ತದೆ. ಕಾರ್ಖಾನೆ ಬಿಡುವ ನೀರಿನ ಸ್ಯಾಂಪಲ್ ತೆಗೆಯುವ ಅಧಿಕಾರ ಮಂಡಳಿಗೆ ಅಥವಾ ಮಂಡಳಿ ಅಧಿಕಾರ ಕೊಟ್ಟವರಿಗೆ. ಮೊದಲು ಅಲ್ಲಿನವರಿಗೆ ನೋಟಿಸ್ ಕೊಡಬೇಕು. ಅವರ ಎದುರೇ ಸ್ಯಾಂಪಲ್ ಎರಡು ಪಾಲು ಮಾಡಬೇಕು. ಪ್ರತಿ ಪಾಲನ್ನೂ ಸೀಲ್ ಮಾಡಿ ಇಬ್ಬರೂ ಸಹಿ ಹಾಕಬೇಕು. ಇಷ್ಟು ಆಗದಿದ್ದರೆ ಆ ಪರೀಕ್ಷೆಯ ಫಲಿತಾಂಶ ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ.

ಮೇಷ್ಟ್ರ ಬಾಟಲಿ ನೀರು ಈ ಲೆಕ್ಕದಲ್ಲಿ ಏನೂ ಅಲ್ಲ. ಇದು ಅನ್ಯಾಯ ಅನ್ನಿಸಬಹುದು. ಆದರೆ ಈ ನಿಯಮಕ್ಕೂ ಒಂದು ಅರ್ಥ ಇದೆ. ಯಾರೋ ಎಲ್ಲಿಂದಲೋ ನೀರು ತಂದು ಪಕ್ಕದವನ ಮೇಲೆ ಕೇಸ್ ಹಾಕುವಂತಾಗಬಾರದು. ಶಿಕ್ಷೆಯ ಮಾತು ಬಂದಾಗ ಇಷ್ಟು ಕಟ್ಟುನಿಟ್ಟು ಬೇಕು ಎಂದು ನಾನೂ ಒಪ್ಪುತ್ತೇನೆ. ತೊಂದರೆ ಆಗಿರುವುದು ಬೇರೆ ಕಡೆ. ಕೋರ್ಟಿಗೆ ಆಗದ ಅಂಕಿ ಯಾವುದಕ್ಕೂ ಆಗದು ಎಂದು ಕಚೇರಿಗಳು ತೀರ್ಮಾನ ಮಾಡಿಕೊಂಡಿವೆ. ಶಿಕ್ಷೆ ಕೊಡುವುದಕ್ಕೂ, ಎಲ್ಲಿ ಹೋಗಿ ನೋಡಬೇಕು ಎಂದು ತಿಳಿಯುವುದಕ್ಕೂ ಒಂದೇ ತಕ್ಕಡಿ ಇಟ್ಟಿದ್ದಾರೆ.

ಅದೇ ಕಾಯ್ದೆಯಲ್ಲಿ ಜನರಿಗೆ ಎರಡು ಬಾಗಿಲು ಇವೆ. ಒಂದು ಸೆಕ್ಷನ್ 49. ಯಾವ ನಾಗರಿಕನೇ ಆದರೂ ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು ತಾನೇ ಕೋರ್ಟಿಗೆ ದೂರು ಕೊಡಬಹುದು. ಆಗ ಮಂಡಳಿ ತನ್ನ ಹತ್ತಿರ ಇರುವ ವರದಿಗಳನ್ನು ಅವನು ಕೇಳಿದರೆ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಆಗುತ್ತದೆ ಅನ್ನಿಸಿದರೆ ಮಾತ್ರ ಕೊಡದಿರಬಹುದು. ಒಳ್ಳೆಯ ಅವಕಾಶವೇ. ಆದರೆ ಕೋರ್ಟು ಕಚೇರಿ ಅಲೆಯಲು ಎಷ್ಟು ಜನಕ್ಕೆ ಆಗುತ್ತದೆ?

ಇನ್ನೊಂದು ಸೆಕ್ಷನ್ 10. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಂಡಳಿ ತನ್ನ ಕೆಲಸಕ್ಕೆ ಯಾರ ನೆರವು, ಸಲಹೆ ಬೇಕೋ ಅಂಥವರನ್ನು ಜೊತೆಗೆ ಸೇರಿಸಿಕೊಳ್ಳಬಹುದು ಎನ್ನುತ್ತದೆ ಈ ಸೆಕ್ಷನ್. ಹಾಗೆ ಸೇರಿದವರು ಆ ವಿಷಯದ ಚರ್ಚೆಯಲ್ಲಿ ಭಾಗವಹಿಸಬಹುದು, ಮತ ಹಾಕುವಂತಿಲ್ಲ. ಅವರಿಗೆ ನಿಯಮದ ಪ್ರಕಾರ ಶುಲ್ಕ, ಭತ್ಯೆ ಕೊಡಬೇಕು ಎಂದೂ ಬರೆದಿದೆ. ಅಂದರೆ ಹಳ್ಳ ನೋಡಿಕೊಳ್ಳುವ ಹತ್ತಾರು ಜನರನ್ನು ಮಂಡಳಿ ಅಧಿಕೃತವಾಗಿ ಜೊತೆ ಮಾಡಿಕೊಂಡು, ಬಸ್ ಚಾರ್ಜು, ಪರೀಕ್ಷೆ ಕಿಟ್ಟಿನ ಖರ್ಚು ಕೊಡಲು ಮೂಲ ಕಾಯ್ದೆ ಬದಲಾಯಿಸಬೇಕಿಲ್ಲ. ನಿಯಮ ಮಾಡುವ ಮನಸ್ಸು ಬೇಕು.

ಕಾಡಿನ ವಿಷಯದಲ್ಲಿ ನಾವು ಇದನ್ನು ಆಗಲೇ ಒಪ್ಪಿಕೊಂಡಿದ್ದೇವೆ. ವನ್ಯಜೀವಿ ಕಾಯ್ದೆಯಲ್ಲಿ ಗೌರವ ವನ್ಯಜೀವಿ ಪರಿಪಾಲಕ ಎಂಬ ಹುದ್ದೆಯೇ ಇದೆ. ಸರ್ಕಾರಿ ನೌಕರರಲ್ಲದವರು ಅಲ್ಲಿದ್ದು ಕೆಲಸ ಮಾಡುತ್ತಾರೆ. ಹುಲಿ, ಆನೆಗೆ ಸಿಕ್ಕಿದ್ದು ಹಳ್ಳಕ್ಕೆ ಸಿಕ್ಕಿಲ್ಲ.

ವರ್ಜೀನಿಯಾದ ಮೂರು ಮೆಟ್ಟಿಲು

ಅಮೆರಿಕದಲ್ಲಿ ಹಳ್ಳಗಳನ್ನು ಜನರೇ ನೋಡಿಕೊಳ್ಳುವ ಚಳವಳಿ ಹಳೆಯದು. ಐಸಾಕ್ ವಾಲ್ಟನ್ ಲೀಗ್ ಎಂಬ ಸಂಘಟನೆ 1969ರಲ್ಲಿ 'ಸೇವ್ ಅವರ್ ಸ್ಟ್ರೀಮ್ಸ್' ಶುರು ಮಾಡಿತು. 1972ರಲ್ಲಿ ಅಲ್ಲಿ ಶುದ್ಧ ನೀರಿನ ಕಾಯ್ದೆ ಬರುವ ಮೊದಲೇ ಜನ ಹಳ್ಳ ನೋಡಿಕೊಳ್ಳಲು ಶುರು ಮಾಡಿದ್ದರು.

ಅಲ್ಲಿನ ವರ್ಜೀನಿಯಾ ರಾಜ್ಯ ಮಾಡಿದ ಏರ್ಪಾಟು ನಮಗೆ ಪಾಠ ಆಗುವಂಥದ್ದು. ನಾಗರಿಕರ ನೀರು ಪರೀಕ್ಷೆಗೆ ಅಲ್ಲಿ ಕಾನೂನಿನಲ್ಲೇ ಜಾಗ ಕೊಟ್ಟಿದ್ದಾರೆ. ಪರಿಸರ ಇಲಾಖೆ ಜನರ ಅಂಕಿಗಳನ್ನು ಮೂರು ಹಂತ ಮಾಡುತ್ತದೆ. ಮೊದಲ ಹಂತದ್ದು ಕಲಿಯುವವರ ಅಂಕಿ. ಸಣ್ಣ ಕಿಟ್ಟು, ಶಾಲೆ ಮಕ್ಕಳು ಮಾಡಿದ್ದು. ಎಲ್ಲೋ ದೊಡ್ಡ ಎಡವಟ್ಟಾಗಿದೆ ಎಂದು ತೋರಿಸಲು ಅಷ್ಟು ಸಾಕು. ಎರಡನೆಯ ಹಂತದವರು ಒಪ್ಪಿದ ವಿಧಾನವನ್ನು ಬಹುಮಟ್ಟಿಗೆ ಪಾಲಿಸುತ್ತಾರೆ. ಅವರ ಅಂಕಿ ನೋಡಿ ಮುಂದೆ ತಾನು ಎಲ್ಲಿ ಸ್ಯಾಂಪಲ್ ತೆಗೆಯಬೇಕು ಎಂದು ಇಲಾಖೆ ತೀರ್ಮಾನಿಸುತ್ತದೆ. ಮೂರನೆಯ ಹಂತಕ್ಕೆ ಇಲಾಖೆಯದೇ ಕ್ರಮ, ಇಲಾಖೆಯದೇ ಕಟ್ಟುನಿಟ್ಟು. ಈ ಅಂಕಿಯನ್ನು ಇಲಾಖೆ ತನ್ನದೇ ಅಂಕಿಯ ಹಾಗೆ ಬಳಸುತ್ತದೆ. ಯಾವ ಹಳ್ಳ ಕೆಟ್ಟಿದೆ, ಯಾವುದು ಸುಧಾರಿಸಿದೆ ಎಂಬ ಅಧಿಕೃತ ಪಟ್ಟಿಗೂ ಅದು ಹೋಗುತ್ತದೆ.

ಅದೇ ಕಾನೂನಿನಲ್ಲಿ ಇನ್ನೊಂದು ಸಾಲಿದೆ. ನಾಗರಿಕರ ಪರೀಕ್ಷೆಯ ಫಲಿತಾಂಶವನ್ನು ಯಾರ ಮೇಲೂ ಕ್ರಮ ಕೈಗೊಳ್ಳುವ ಕೇಸಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ನೋಡಿ, ಈ ವಿಷಯದಲ್ಲಿ ಅವರೂ ನಮ್ಮ ಸೆಕ್ಷನ್ 21ರಷ್ಟೇ ಎಚ್ಚರ ವಹಿಸಿದ್ದಾರೆ. ಆದರೂ ಅಂಕಿಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಕೋರ್ಟಿಗೆ ಬೇಡ, ಆದರೆ ಪಟ್ಟಿಗೆ ಬೇಕು, ಮುಂದಿನ ವರ್ಷದ ಯೋಜನೆಗೆ ಬೇಕು ಅಂದರು.

ಇಂಥ ಏರ್ಪಾಟಿನಲ್ಲಿ ಸ್ವಯಂಸೇವಕನಿಗೂ ಒಂದು ಮೆಟ್ಟಿಲು ಸಿಗುತ್ತದೆ. ಇವತ್ತು ಮೊದಲ ಹಂತ, ತರಬೇತಿ ಪಡೆದು ನಾಳೆ ಎರಡನೆಯದು. ಮೀಟರನ್ನು ಪಿಎಚ್ 4, 7, 10ರ ದ್ರಾವಣದಲ್ಲಿಟ್ಟು ಸರಿ ಮಾಡುವುದು ಹೇಗೆ, ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬುವುದು ಹೇಗೆ, ಇವೆಲ್ಲ ಕಲಿಯಬಹುದಾದ ವಿದ್ಯೆ. ಕಲಿತವರಿಗೆ 'ನಿಮ್ಮ ಅಂಕಿ ಇನ್ನು ನಮ್ಮ ಪಟ್ಟಿಗೆ ಬರುತ್ತದೆ' ಎಂದು ಹೇಳಿದರೆ ಅದು ಪ್ರಶಸ್ತಿಗಿಂತ ಜಾಸ್ತಿ ಹುರುಪು ಕೊಡುತ್ತದೆ.

ಒಪ್ಪಂದ ಇದ್ದವರ ಪಾಡು

ನಮ್ಮ ಕಡೆ ಅಧಿಕೃತ ಮನ್ನಣೆ ಸಿಕ್ಕವರೂ ಇದ್ದಾರೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು ನೋಡಿಕೊಳ್ಳಲು ಶುರು ಮಾಡಿದರು. ಮರುವರ್ಷ ಬಿಬಿಎಂಪಿ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ, ಉತ್ತರದ ಜಕ್ಕೂರು, ಹೀಗೆ ಬೇರೆ ಕಡೆಯೂ ಜನರ ಗುಂಪುಗಳು ಬಂದವು. ಒಪ್ಪಂದ ಇದ್ದರೆ ಎಂಜಿನಿಯರ್ ಫೋನ್ ಎತ್ತುತ್ತಾರೆ. ದೂರಿಗೆ ಒಂದು ವಿಳಾಸ ಇರುತ್ತದೆ.

2020ರಲ್ಲಿ ಹೈಕೋರ್ಟ್ ಖಾಸಗಿ ಕಂಪನಿಗಳ ಜೊತೆಗಿನ ಕೆರೆ ಒಪ್ಪಂದಗಳಿಗೆ ತಡೆ ಹಾಕಿತು. ಕೆರೆ ಸಾರ್ವಜನಿಕರ ಆಸ್ತಿ, ಕಂಪನಿಗಳ ಕೈಗೆ ಹೋಗಬಾರದು ಎಂಬ ಕಾಳಜಿ ಅದರ ಹಿಂದೆ ಇತ್ತು. ಕಾಳಜಿ ಸರಿಯಾದದ್ದೇ. ಆದರೆ ಅದರ ಬಿಸಿ ಸಣ್ಣಪುಟ್ಟ ನಾಗರಿಕ ಗುಂಪುಗಳಿಗೂ ತಟ್ಟಿತು. ಕಂಪನಿ ಬೇರೆ, ಬೀದಿಯ ನಾಲ್ಕು ಜನ ಬೇರೆ ಎಂದು ವಿಂಗಡಿಸುವ ಗಟ್ಟಿ ನಿಯಮ ಮೊದಲೇ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಈಗ ಬಿಬಿಎಂಪಿಯೂ ಇಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರಡಿ ಐದು ಪಾಲಿಕೆಗಳಾದವು. ಕಾಲುವೆ ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ. ಮೇಲಿನ ಪಾಲಿಕೆಯ ಕೊಳಚೆ ಕೆಳಗಿನ ಪಾಲಿಕೆಯ ಕೆರೆಗೆ ಬಂದರೆ ಸ್ವಯಂಸೇವಕ ಯಾವ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಉತ್ತರವನ್ನು ಈಗಲೇ, ಹೊಸ ವ್ಯವಸ್ಥೆ ಗಟ್ಟಿಯಾಗುವ ಮೊದಲೇ ಬರೆದಿಡಬೇಕು.

ಜನರ ಕಣ್ಣು ಎಷ್ಟು ಮುಖ್ಯ ಎಂದು ಬೆಳ್ಳಂದೂರು ತೋರಿಸಿಕೊಟ್ಟಿದೆ. ನೊರೆ ರಸ್ತೆಗೆ ಹಾರಿ ಬಂದಾಗ, 2015, 2017, 2018ರಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿದಾಗ ಸುತ್ತಲಿನವರು ತೆಗೆದ ಚಿತ್ರಗಳೇ ದೇಶಕ್ಕೆಲ್ಲ ಸುದ್ದಿ ಮುಟ್ಟಿಸಿದವು. ಹಸಿರು ನ್ಯಾಯಮಂಡಳಿ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಆದರೆ ನೀರಿಗೆ ಬೆಂಕಿ ಹತ್ತುವ ತನಕ ಕಾಯಬೇಕಾಗಿ ಬಂತಲ್ಲ, ಅದು ನೋವು. ಅದಕ್ಕೂ ಎಷ್ಟೋ ಮೊದಲಿಂದ ಅಲ್ಲಿನ ಮೀನುಗಾರರಿಗೆ, ರೈತರಿಗೆ ನೀರು ಕೆಡುತ್ತಿರುವುದು ಗೊತ್ತಿತ್ತು.

ಯಾರು ಸ್ವಯಂಸೇವಕ?

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಸ್ವಯಂಸೇವಕ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವರು ಅಪಾರ್ಟ್‌ಮೆಂಟಿನವರು, ಇಂಗ್ಲಿಷ್‌ನಲ್ಲಿ ಮೇಲ್ ಬರೆಯಬಲ್ಲವರು. ಅವರ ಕೆಲಸ ದೊಡ್ಡದೇ. ಆದರೆ ಕೆರೆ ಗುತ್ತಿಗೆ ಹಿಡಿದ ಮೀನುಗಾರ, ಕಾಲುವೆ ಪಕ್ಕದ ಶೆಡ್ಡಿನಲ್ಲಿರುವ ಕುಟುಂಬ, ಬೆಳಗ್ಗೆ ಆರಕ್ಕೆ ಕಸ ಗುಡಿಸುವ ಪೌರಕಾರ್ಮಿಕರು, ಇವರು ನೋಡುವಷ್ಟು ನೀರನ್ನು ಬೇರೆ ಯಾರೂ ನೋಡುವುದಿಲ್ಲ. ಅವರಿಗೆ ಫಾರ್ಮು ತುಂಬಲು ಬಿಡುವಿಲ್ಲ. ಒಂದು ಬೆಳಗ್ಗೆ ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ. ಪುಕ್ಕಟೆ ಸೇವೆಗೆ ಮಾತ್ರ ಮನ್ನಣೆ ಎಂದರೆ ಪುಕ್ಕಟೆ ಮಾಡಲು ಆಗದವರು ಹೊರಗೆ ಉಳಿಯುತ್ತಾರೆ. ಅದಕ್ಕೇ ಸೆಕ್ಷನ್ 10ರ ಭತ್ಯೆಯ ಮಾತು ನನಗೆ ಮುಖ್ಯ ಅನ್ನಿಸುವುದು. ಕನ್ನಡದಲ್ಲಿ ಫೋನಿನಲ್ಲಿ ಹೇಳಿದ್ದನ್ನೂ ದೂರು ಎಂದು ಬರೆದುಕೊಳ್ಳಬೇಕು.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಹಳೇ ಮೈಸೂರಿನ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ತೆಗೆಯುವುದು, ಕಾಲುವೆ ನೋಡುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು ಅವನ ಕೆಲಸ. ಸುಗ್ಗಿಯಲ್ಲಿ ಊರವರು ಅವನಿಗೆ ಕಾಳಿನ ಪಾಲು ಕೊಡುತ್ತಿದ್ದರು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟ ಭೂಮಿಗೆ ಕಟ್ಟುಗೊಡಗೆ ಎಂದು ಶಾಸನಗಳಲ್ಲಿ ಹೆಸರಿದೆ. ಆ ಕಾಲದ ಊರುಗಳಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು, ನೀರುಗಂಟಿ ಹೆಚ್ಚಾಗಿ ದಲಿತ ಕುಟುಂಬದವನೇ ಆಗಿರುತ್ತಿದ್ದ ಎಂಬುದನ್ನೂ ಮರೆಯುವಂತಿಲ್ಲ. ಆದರೂ ನೀರಿನ ವಿಷಯದಲ್ಲಿ ಅವನ ಮಾತು ನಡೆಯುತ್ತಿತ್ತು. ನಾವು ಉಳಿಸಿಕೊಳ್ಳಬೇಕಾದ ಭಾಗ ಅದು. ಮಾತಿಗೆ ಬೆಲೆ, ದುಡಿಮೆಗೆ ಪಾಲು, ಎರಡೂ ಒಟ್ಟಿಗೆ.

ಇನ್ನೊಂದು ಭಯವೂ ನಿಜವಾದದ್ದು. ಸ್ವಯಂಸೇವಕರು ಇದ್ದಾರಲ್ಲ ಎಂದು ಮಂಡಳಿ ತನ್ನ ಹುದ್ದೆಗಳನ್ನು ಖಾಲಿ ಬಿಡಬಾರದು. ಕೊಳಚೆ ನಿಲ್ಲಿಸುವುದು, ನೋಟಿಸ್ ಕೊಡುವುದು, ದಂಡ ಹಾಕುವುದು ಸರ್ಕಾರದ ಕೆಲಸ. ನೋಡಿ ಹೇಳುವುದಷ್ಟೇ ಜನರ ಪಾಲು.

ಹಾಗಾದರೆ ತಕ್ಷಣ ಏನು ಮಾಡಬಹುದು? ಕಳಿಸಿದ ಪ್ರತಿ ಅಂಕಿಗೂ ಒಂದು ರಸೀದಿ ನಂಬರ್. ಇಂತಿಷ್ಟು ದಿನದಲ್ಲಿ ಹೋಗಿ ನೋಡಿದೆವು, ಇದು ಸಿಕ್ಕಿತು ಎಂಬ ಉತ್ತರ. ಏನೂ ಸಿಗದಿದ್ದರೆ ಅದನ್ನೂ ಹೇಳಲಿ, ಅಳತೆ ತಪ್ಪಾಗಿದ್ದರೆ ತಿದ್ದಲಿ. ವರ್ಷಕ್ಕೆರಡು ಸಲ ಮಂಡಳಿಯ ಪ್ರಯೋಗಾಲಯದಲ್ಲಿ ಜನರ ಮೀಟರುಗಳನ್ನು ಸರಿ ನೋಡಿಕೊಡಲಿ. ಹೆಸರು ಬೇಡ ಅಂದವರ ಹೆಸರು ಗುಟ್ಟಾಗಿರಲಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿರ್ವಹಣಾ ಸಮಿತಿಗಳು ಇರಲೇಬೇಕು. ಊರಿನ ಹಳ್ಳದ ದಾಖಲೆ ಇಡಲು ಅವಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ಶೃಂಗೇರಿಯಲ್ಲಿ, ಬೆಳ್ತಂಗಡಿಯ ಶಿಶಿಲದಲ್ಲಿ ದೇವರ ಮೀನೆಂದು ಹೊಳೆ ಕಾಯುವ ಜನರಿಗೆ ನೀರು ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಬೇಸಿಗೆಯಲ್ಲೇ ಇದನ್ನು ಶುರು ಮಾಡಬಹುದು. ಏಪ್ರಿಲ್ ಹೊತ್ತಿಗೆ ಬೆಂಗಳೂರಿಗೆ ಮೊದಲ ಜೋರು ಮಳೆ ಬೀಳುತ್ತದೆ. ತಿಂಗಳುಗಟ್ಟಲೆ ಕಾಲುವೆಯಲ್ಲಿ ಕೂತಿದ್ದ ಕಪ್ಪು ಕೆಸರು ಒಂದೇ ಸಲ ಕೊಚ್ಚಿಕೊಂಡು ಕೆರೆಗೆ ಬರುತ್ತದೆ. ಮೀನು ಸಾಯುವ ಭಯ ಜಾಸ್ತಿ ಇರುವುದು ಆಗಲೇ. ಅಂಥ ಮಳೆಯ ಮರುದಿನ ಬೆಳಗ್ಗೆ ಐದೂವರೆಗೆ ಯಾರೋ ಒಬ್ಬರು ಕೆರೆ ಏರಿ ಮೇಲೆ ನಿಂತು ಆಮ್ಲಜನಕದ ಮೀಟರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಎಂದು ಓದುತ್ತಾರೆ. ನೀರಿಗೆ ಗಾಳಿ ಊಡುವ ಯಂತ್ರ ಓಡಿಸಲು ಅಧಿಕಾರ ಇರುವ ಒಬ್ಬರ ಫೋನ್ ನಂಬರ್ ಅವರ ಹತ್ತಿರ ಇರಬೇಕು. ಆ ಹೊತ್ತಿನಲ್ಲಿ ಫೋನ್ ಎತ್ತುವವರೂ ಇರಬೇಕು.